ಮೂರು ಗಂಟೆಯ ಸೂತಕ

ಯಾರ ಮನೆಯಲ್ಲೂ ಹಾಡು ನಿಲ್ಲಬಾರದು ಎಂಬ ಕಾನೂನು ಬಂದು ಹನ್ನೊಂದು ವರ್ಷವಾಗಿತ್ತು. ನರ್ಸ್ ಪಂಕಜಾ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದಳು. ನಿದ್ದೆಯಿಲ್ಲದೆ ಮೂರು ದಿನವಾಗಿತ್ತು. ನಿನ್ನೆ ಒಬ್ಬ ರೋಗಿಗೆ ತಪ್ಪು ಇಂಜೆಕ್ಷನ್ ಕೊಡುವುದರಲ್ಲಿದ್ದಳು. ಮಂಚದ ಮೇಲೆ ಕೂತು, ಮನೆಯ ಮ್ಯೂಸಿಕ್ ಸರ್ವರ್ ನಡೆಸುವ ಆ್ಯಪ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದಳು. ಮೊದಲನೆಯದು ಸದ್ದನ್ನು ಹತ್ತಕ್ಕಿಂತ ಕೆಳಗೆ ಇಳಿಸಲಿಲ್ಲ. ಎರಡನೆಯದು ಹಾಡನ್ನು ಅಡುಗೆಮನೆಯ ಸ್ಪೀಕರಿಗೆ ಕಳಿಸಿತು. ಅಲ್ಲಿಂದಲೂ ಸ್ಪಷ್ಟವಾಗಿ ಕೇಳುತ್ತಿತ್ತು. ಮೂರನೆಯದರಲ್ಲಿ ಮಾತ್ರ ‘ಸಾವಿನ ಮನೆ: ಮೂರು ಗಂಟೆ ಮೌನ’ ಎಂದಿತ್ತು. ಅದು ತೀರಿಕೊಂಡವರ ಹೆಸರು ಕೇಳಿತು. ಪಂಕಜಾ ತನ್ನ ಹೆಸರನ್ನೇ ಬರೆದು ಒತ್ತಿದಳು.

ಹಾಡು ನಿಂತಿತು. ಕಣ್ಣು ಹತ್ತುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯ ಸಾಕಮ್ಮ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅನ್ನ, ಸಾರು ತಂದಿದ್ದಳು.

“ಹಾಡು ನಿಂತೋಯ್ತಲ್ಲೇ, ಯಾರು ಹೋದ್ರು?”

“ನಾನೇ ಅಕ್ಕ. ಹನ್ನೊಂದೂವರೆಗೆ ಎದ್ದುಬಿಡ್ತೀನಿ. ಯಾರಿಗೂ ಹೇಳ್ಬೇಡಿ.”

“ಥೂ, ಬಿಡ್ತು ಅನ್ನು!”

ಇನ್ನೂ ಬೈಯಲು ಬಾಯಿ ತೆರೆದ ಸಾಕಮ್ಮ ಹಾಗೇ ನಿಂತು ಕಿವಿಗೊಟ್ಟಳು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಪಾತ್ರೆ ಕೆಳಗಿಟ್ಟು ಒಳಗೆ ಬಂದು ಚಿಲಕ ಹಾಕಿದಳು. ಪಂಕಜಾ ಆಗಲೇ ಮತ್ತೆ ಮಂಚದ ಮೇಲೆ ಉರುಳಿದ್ದಳು.

“ಆ ಕಡೆ ಸರ್ಕೊಳೇ ಸ್ವಲ್ಪ,” ಎಂದಳು.