ಎಡಮಗ್ಗುಲು

"ಈಗ ನಿಮ್ಮನ್ನ ಎಡಮಗ್ಗಲಕ್ಕ ಹೊಳ್ಳಸ್ತೇನ್ರಿ. ನೋವಾದ್ರ ಹೇಳ್ರಿ."

ಸ್ವಪ್ನಾ ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಳು. ಪಡಸಾಲೆಯ ಮಂಚ ಕಿರುಗುಟ್ಟಿತು. ಅವಳ ಗಂಡ ಲೋಕೇಶ ಸಣ್ಣಗೆ ನರಳಿದ. ಒದ್ದೆ ಬಟ್ಟೆ ಹಿಂಡಿದ ಸದ್ದು. ಆಮೇಲೆ ಪೌಡರಿನ ಪರಿಮಳ ಪರದೆ ದಾಟಿ ಒಳಕೋಣೆಗೆ ಬಂತು.

ಒಳಗೆ ಅವನ ತಾಯಿ ಮಹಾದೇವಕ್ಕ ಬಲಗೈಯಿಂದ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಮಗ ಹಾಗೆ ನರಳಿದಾಗಲೆಲ್ಲ, ಆ ಮಂಚದ ಮೇಲೆ ಅವನ ಬದಲು ತಾನಿರಬಾರದೇ ಎನಿಸುತ್ತಿತ್ತು.

ದಾಂಡೇಲಿಯ ಗುತ್ತಿಗೆ ಕೆಲಸ ತಪ್ಪಿ ಲೋಕೇಶ ಹಳಿಯಾಳದ ಈ ಮನೆಯಲ್ಲಿ ಬಿದ್ದುಕೊಂಡು ವರ್ಷವಾಗಿತ್ತು. ಉಳಿದ ಆಸೆ ಒಂದೇ, ಸ್ವಪ್ನಾಳ ಇಂಗ್ಲೆಂಡ್. ಅಲ್ಲಿನ ವೃದ್ಧಾಶ್ರಮದಲ್ಲಿ ಮುದುಕರ ಆರೈಕೆಯ ಕೆಲಸ. ಗಂಡನನ್ನು ಕರೆದೊಯ್ಯುವಂತಿಲ್ಲ ಎಂದು ಅಲ್ಲಿಯ ನಿಯಮ ಬದಲಾದಾಗ ಅವಳು ಊಟ ಬಿಟ್ಟಿದ್ದಳು. "ನೀ ಒಬ್ಬಾಕೀನ ಹೋಗ. ಇಲ್ಲಿದ್ದು ಇಬ್ರೂ ಏನ್ ಕಡೀತೀವಿ?" ಎಂದು ಲೋಕೇಶನೇ ಒಪ್ಪಿಸಿದ್ದ. ಈಗ, ರೋಗಿಯನ್ನು ನೋಡಿಕೊಳ್ಳುವ ವಿಡಿಯೋ ಒಂದನ್ನು ಏಜೆಂಟನಿಗೆ ಕಳಿಸುವುದಷ್ಟೇ ಬಾಕಿ.

ಪಕ್ಕದ ಮನೆಯ ಶಂಕ್ರೆವ್ವ ಹಿತ್ತಿಲಿಂದ ಬಂದು, ಮೂಗಿಗೆ ಸೆರಗು ಹಿಡಿದು ಮಹಾದೇವಕ್ಕನ ಬಳಿ ಕೂತಳು.

"ಕೇಳಿದೇನ ಯಕ್ಕಾ? ಎಷ್ಟ ಮೆತ್ತಗ ಮಾತಾಡ್ತಾಳ ನಿನ್ನ ಸೊಸಿ."

"ದಿನಾ ಕೇಳ್ತೇನಿ."

"ಇಂಗ್ಲೆಂಡಿನ ಮುದುಕ್ಯಾರು ಪುಣ್ಯಾ ಮಾಡ್ಯಾರ ಬಿಡ."

ಪಡಸಾಲೆಯಲ್ಲಿ ಫೋನ್ ರಿಂಗಾಯಿತು. ಸ್ಪೀಕರಿನಲ್ಲಿ ಏಜೆಂಟ್ ಮಹಾಬಳೇಶ್ವರನ ದನಿ.

"ಅಕ್ಕಾರ, ವಿಡಿಯೋ ಕಳಸಬ್ಯಾಡ್ರಿ. ಹೊರಗಿನವ್ರಿಗೆ ಈ ಕೆಲಸದ ವೀಸಾ ಬಂದ್ ಆತ್ರಿ. ಇನ್ನ ಮ್ಯಾಲೆ ತಮ್ಮ ಮಂದೀನ ತಾವ ನೋಡ್ಕೋತಾರಂತ."

ಲೋಕೇಶ ಮಂಚದಿಂದ ಜಿಗಿದ. ಚಪ್ಪಲಿ ಮೆಟ್ಟಿದ. "ನರಳೂದಾದ್ರೂ ತಪ್ಪಿತು" ಎಂದು ನಗಲು ಹೋದ; ನಗೆ ಅರ್ಧಕ್ಕೇ ನಿಂತಿತು. ಹೊರಗೆ ಅವನ ಬೈಕ್ ಗುಡುಗಿ ದೂರವಾಯಿತು.

ಪರದೆ ಸರಿಯಿತು. ಸ್ವಪ್ನಾಳ ಕಣ್ಣುಗಳು ಕೆಂಪಾಗಿದ್ದವು. ಕೈಯಲ್ಲಿ ಅದೇ ಬೋಗುಣಿ, ಅದೇ ಪೌಡರಿನ ಡಬ್ಬಿ. ಶಂಕ್ರೆವ್ವ ಎದ್ದು ದಾರಿ ಬಿಟ್ಟಳು.

"ವಿಡಿಯೋದಾಗ ಹುಣ್ಣು ಕಾಣಬಾರದು ಅಂದಿದ್ರು, ಅತ್ತಿ. ಅದಕ್ಕ ಅವ್ರನ್ನ ಮಲಗಿಸಿದ್ದೆ. ಇನ್ನ ದಿನಾ ನಿಮ್ಮನ್ನ ನೋಡ್ಕೋತೇನ್ರಿ. ಎಡಮಗ್ಗಲಕ್ಕ ಹೊಳ್ಳಸ್ಲಿ?"

ಲಕ್ವ ಹೊಡೆದು, ಯುಗಾದಿಯಿಂದ ಅಂಗಾತ ಬಿದ್ದು ಬೆನ್ನೆಲ್ಲ ಹುಣ್ಣಾಗಿದ್ದ ಮಹಾದೇವಕ್ಕ, "ಬ್ಯಾಡ" ಎಂದಳು.