ಬಾಗಿಲ ಮೇಲಿನ ಕೆಂಪು ದೀಪ

ನೆಂಟರ ಮನೆಯ ಸೀಮಂತದ ಊಟ ಮುಗಿಸಿ ಇಬ್ಬರೂ ಮೆಟ್ರೋ ಹತ್ತಿದೆವು. ಮುಂದಿನ ನಿಲ್ದಾಣದಲ್ಲಿ ಇಳಿದರೆ ನನ್ನ ಅಕ್ಕನ ಮನೆ. ಹೇಳುವುದಿದ್ದರೆ ಈಗಲೇ ಹೇಳಬೇಕಿತ್ತು.

"ರೀ, ನಾನು ಅಕ್ಕನ ಮನೆಗೇ ಹೋಗಿಬಿಡ್ತೀನಿ. ಇನ್ನು ವಾಪಸ್ ಬರಲ್ಲ," ಅಂದೆ, ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ.

ನನ್ನ ಗಂಡ ಎದುರಿನ ಕಿಟಕಿ ನೋಡುತ್ತ ಕೂತೇ ಇದ್ದರು.

ಒಂದು ವರ್ಷದಿಂದ ಇದೇ ಕಥೆ. ದಿನವಿಡೀ ಹಿಟ್ಟಿನ ಗಿರಣಿ ನಡೆಸಿ ಬರುವ ಮನುಷ್ಯ, ದಣಿದಿರುತ್ತಾರೆ ಅಂತ ಮೊದಮೊದಲು ಸುಮ್ಮನಿದ್ದೆ. ಆಮೇಲಾಮೇಲೆ ಅಡುಗೆಮನೆಯಿಂದ ಕೂಗಿದರೂ ಉತ್ತರವಿಲ್ಲ. ಪಕ್ಕದಲ್ಲಿ ಮಲಗಿ ಅತ್ತರೂ ಈ ಕಡೆ ತಿರುಗಲಿಲ್ಲ. ಇವತ್ತು ಪಂಕ್ತಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಗುವಾಗಲೂ ಇವರು ಎಲೆ ನೋಡುತ್ತ ಕೂತಿದ್ದರು. ಗೋಡೆಯ ಜೊತೆ ಸಂಸಾರ ಮಾಡಿ ಮಾಡಿ ನನಗೂ ಸಾಕಾಗಿತ್ತು.

"ಒಂದು ಮಾತಾದ್ರೂ ಆಡ್ರೀ. ಹೋಗ್ಬೇಡ ಅನ್ನಿ, ಇರ್ತೀನಿ."

ಅವರು ಕೈಗಡಿಯಾರ ನೋಡಿಕೊಂಡು ಮತ್ತೆ ಕಿಟಕಿಯತ್ತ ತಿರುಗಿದರು.

ನಿಲ್ದಾಣ ಬಂತು. ಎದ್ದು ಬಾಗಿಲ ಹತ್ತಿರ ಹೋದೆ. ಇನ್ನೇನು ಕಾಲು ಹೊರಗಿಡಬೇಕು, ಅವರು ಗಾಬರಿಯಿಂದ ಓಡಿಬಂದು ನನ್ನ ರಟ್ಟೆ ಹಿಡಿದು ಒಳಗೆಳೆದರು.

"ಎಲ್ಲಿಗೆ ಹೊರಟೆ? ನಮ್ಮ ಸ್ಟೇಷನ್ ಇದಲ್ಲ ಕಣೇ! ಮೇಲೆ ಆ ಕೆಂಪು ದೀಪ ನೋಡು, ಬಾಗಿಲು ಹಾಕ್ಕೊಳ್ತಿದೆ. ಮೊದಲಾದ್ರೆ ಪೀಂ ಪೀಂ ಅಂತ ಸದ್ದಾದ್ರೂ ಬರ್ತಿತ್ತು. ಈಗ ಅದನ್ನೂ ನಿಲ್ಲಿಸಿ ಬರೀ ದೀಪ ಇಟ್ಟಿದ್ದಾರೆ."

ಆ ಪೀಂ ಪೀಂ ಸದ್ದು ನಮ್ಮಿಬ್ಬರ ತಲೆಯ ಮೇಲೇ ಕಿವಿಗಡಚಿಕ್ಕುವಂತೆ ಹೊಡೆದುಕೊಳ್ಳುತ್ತಿತ್ತು.