ತಿಪ್ಪಮ್ಮನ ಹೆಬ್ಬೆಟ್ಟು

ಒಬ್ಬರು ಬದುಕಿರುವವರೆಗೆ ಅವರ ಹೆಸರನ್ನು ಇನ್ನೊಬ್ಬರಿಗೆ ಇಡುವಂತಿಲ್ಲ ಎಂಬ ಕಾಯ್ದೆ ಬಂದು ಎಪ್ಪತ್ತು ವರ್ಷವಾಯಿತು. ಹೆಸರು ನೋಂದಣಿ ಕಚೇರಿಯಲ್ಲಿ ಬೆಳಗಿನಿಂದ ಝ್ವಿಯಾಂಕ್ಷಿ, ಕ್ಷ್ರಿಹಾನ್, ತ್ರ್ಯುವಿಶ್ ಎಂದು ಬರೆದು ಬರೆದು ನನ್ನ ಕೈ ಸೋತಿತ್ತು. ಅರ್ಥವೇನೆಂದು ಕೇಳುವುದನ್ನು ಎಂದೋ ಬಿಟ್ಟಿದ್ದೇನೆ. ನನ್ನ ಹೆಸರೇ ಹ್ವಿತಾಂಶು. ಮನೆಯಲ್ಲಿ ಎಲ್ಲರೂ ‘ಏಯ್’ ಅನ್ನುತ್ತಾರೆ.

ಸರದಿಯ ಕೊನೆಯಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಬಂದಳು.

“ಮಗೀಗೆ ತಿಪ್ಪಮ್ಮ ಅಂತ ಬರ್ಕಳಪ್ಪ.”

ಕಂಪ್ಯೂಟರ್ ನೋಡಿದೆ. “ಆಗಲ್ಲ ಅಜ್ಜಿ. ಆ ಹೆಸರಿನವರು ಇನ್ನೂ ಇದ್ದಾರೆ.”

“ಅದು ನಾನೇ ಕಣಪ್ಪ. ಮೊದಲ್ನೇ ಮೊಮ್ಮಗಳಿಗೆ ಅಜ್ಜಿ ಹೆಸ್ರಲ್ವಾ? ತೊಟ್ಲಿಗೆ ಹಾಕ್ದಾಗ ಖುಷೀಲಿ ಕಿವಿಯಾಗೆ ಮೂರು ಸಲ ಹೇಳ್ಬಿಟ್ಟೆ. ಹೇಳಿದ್ದನ್ನ ವಾಪಸ್ ತಗಳಕಾಗ್ತದಾ?”

ಇದಕ್ಕೆ ಇದ್ದದ್ದು ಒಂದೇ ದಾರಿ. ಅಜ್ಜಿ ತನ್ನ ಹೆಸರನ್ನು ಮಗುವಿಗೆ ಬಿಟ್ಟುಕೊಟ್ಟು, ಯಾರಿಗೂ ಬೇಡವಾಗಿ ಉಳಿದ ಹೆಸರುಗಳಲ್ಲಿ ಒಂದನ್ನು ತೆಗೆದುಕೊಳ್ಳಬೇಕು. ಪಟ್ಟಿ ಓದತೊಡಗಿದೆ. ಮೂರನೆಯದಕ್ಕೇ ನಾಲಿಗೆ ತೊಡರಿತು.

“ಯಾವ್ದಾದ್ರೂ ಬರಿಯಪ್ಪ. ನನ್ನ ಹೆಸ್ರು ಹಿಡಿದು ಕೂಗೋರೆಲ್ಲ ಮಣ್ಣಾದ್ರು.”

ಅಜ್ಜಿಗೆ ಝ್ಯುಯಾನ್ವಿ, ಮಗುವಿಗೆ ತಿಪ್ಪಮ್ಮ ಎಂದು ಬರೆದೆ. ಕಾಗದವನ್ನು ಅವಳತ್ತ ತಿರುಗಿಸಿ, “ತಿಪ್ಪಮ್ಮ, ಇಲ್ಲೊಂದು ಹೆಬ್ಬೆಟ್ಟು ಒತ್ತಿ” ಎಂದೆ.

ಅಜ್ಜಿ ತನ್ನ ಕೈ ಚಾಚಲಿಲ್ಲ. ಮಗುವಿನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಅದರ ಪುಟ್ಟ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿದಳು.